ನಮ್ಮ ನಂಬರಿನಿಂದ ಬಂದ ಕರೆ

ಮೊದಲ ಬೈಗುಳ ಬಂದಾಗ ನಾನು ಬಾಣಲೆಗೆ ಮೊಟ್ಟೆ ಒಡೆದು ಹಾಕುತ್ತಿದ್ದೆ. ಅಂಗಡಿಯ ಫೋನು ಅಡುಗೆಮನೆಯಲ್ಲೇ ಚಾರ್ಜಿಗೆ ಇತ್ತು. ಕೈ ಒರೆಸಿಕೊಂಡು ಎತ್ತಿದೆ.

"ಬೆಳ್‌ಬೆಳಿಗ್ಗೆ ಪ್ರಾಣ ತಿನ್ನೋಕೆ ನಾಚಿಕೆ ಆಗಲ್ವೇನೇ ನಿಂಗೆ? ಇನ್ನೊಂದ್ಸಲ ಫೋನ್ ಮಾಡಿದ್ರೆ ಹುಡುಕ್ಕೊಂಡು ಬಂದು ನಾಲಿಗೆ ಕಿತ್ತು ಕೈಗೆ ಕೊಡ್ತೀನಿ."

ಗಂಡಸಿನ ದನಿ. ನಾನು ಯಾರಿಗೂ ಫೋನ್ ಮಾಡಿರಲಿಲ್ಲ. ಯಾರಿಗೋ ಬೈಯಲು ಹೋಗಿ ನನಗೆ ಬೈದಿರಬೇಕೆಂದುಕೊಂಡು ಇಟ್ಟುಬಿಟ್ಟೆ. ಅಷ್ಟರಲ್ಲಿ ಮೊಟ್ಟೆ ತಳ ಹಿಡಿದಿತ್ತು. ಅದನ್ನು ಕೆರೆಯುತ್ತಿರುವಾಗ ಇನ್ನೊಂದು ಕರೆ ಬಂತು. ಈ ಸಲ ಒಬ್ಬ ಹೆಂಗಸು. ಅವಳೂ ಅದೇ ಬೈಗುಳ ಶುರು ಮಾಡಿದಳು, ಸ್ವಲ್ಪ ಮಸಾಲೆ ಹೆಚ್ಚು.

ನಮ್ಮದು ಗಾಜಿನ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಕನ್ನಡಿ ಕತ್ತರಿಸಿ ಕೊಡುತ್ತೇವೆ, ಕಿಟಕಿಗೆ ಗಾಜು ಕೂರಿಸುತ್ತೇವೆ, ಫೋಟೋಗೆ ಕಟ್ಟು ಹಾಕುತ್ತೇವೆ. ಅಂಗಡಿ ಶುರು ಮಾಡಿದವರು ಮಾವ. ಈಗ ಕಟರ್ ಹಿಡಿಯುವವರು ನನ್ನ ಗಂಡ. ದೊಡ್ಡವನು, ಅಂದರೆ ನನ್ನ ಮಗ, ಮನೆ ಮನೆಗೆ ಹೋಗಿ ಗಾಜು ಕೂರಿಸಿ ಬರುತ್ತಾನೆ. ಚಿಕ್ಕವಳು ಕಾಲೇಜಿಗೆ ಹೋಗುತ್ತಾಳೆ. ಅಣ್ಣನಿಗೆ ಕುಕ್ಕರ್ ಎಂದು ಹೆಸರಿಟ್ಟವಳು ಅವಳೇ. ಯಾವಾಗ ಸೀಟಿ ಹೊಡೆಯುತ್ತಾನೋ ಗೊತ್ತಾಗುವುದಿಲ್ಲ ಎಂದು. ಮಾವನಿಗೆ ಕೈ ನಡುಕ. ಆದ್ದರಿಂದ ಗಲ್ಲಾ ಪಕ್ಕದಲ್ಲಿ ಕೂತು ಫೋನ್ ಎತ್ತುವುದಷ್ಟೇ ಈಗ ಅವರ ಕೆಲಸ. ಒಂದು ಕರೆಯನ್ನೂ ಬಿಡುವವರಲ್ಲ.

ಆ ದಿನ ಸಂಜೆಯೊಳಗೆ ಅವರು ಕೇಳಿದಷ್ಟು ಬೈಗುಳ ಅವರ ಇಡೀ ಆಯಸ್ಸಿನಲ್ಲಿ ಕೇಳಿರಲಿಕ್ಕಿಲ್ಲ.

ಮೂಲೆಯ ಮೊಬೈಲ್ ರಿಪೇರಿಯವನ ಹತ್ತಿರ ಫೋನ್ ಕೊಂಡುಹೋದೆವು. ಅವನು ಒಂದೆರಡು ಕರೆ ತಾನೇ ಎತ್ತಿ ನೋಡಿ ನಕ್ಕ. "ನಿಮ್ಮ ಫೋನಲ್ಲಿ ಏನೂ ಇಲ್ಲ ಅಕ್ಕ. ಯಾರೋ ನೀರಿನ ಫಿಲ್ಟರ್ ಮಾರೋರು. ಎಲ್ಲೋ ಕೂತ್ಕೊಂಡು ಮಿಷನ್‌ನಿಂದ ಊರಿಗೆಲ್ಲ ಫೋನ್ ಹಚ್ತಾರೆ. ಅವರ ನಂಬರ್ ಬದಲು ನಿಮ್ಮ ನಂಬರ್ ಕಾಣೋ ಹಾಗೆ ಮಾಡಿದಾರೆ. ಇದೇ ಊರಿನ ನಂಬರ್ ಕಂಡ್ರೆ ಜನ ಎತ್ತುತಾರೆ ನೋಡಿ, ಅದಕ್ಕೆ."

"ಹಾಗೆಲ್ಲ ಇನ್ನೊಬ್ಬರ ನಂಬರ್ ಹಾಕ್ಕೋಬಹುದಾ?"

"ಹಾಕ್ಕೋಬಾರದು. ಹಾಕ್ಕೋತಾರೆ."

"ನಿಲ್ಲಿಸೋದು ಹೇಗೆ?"

"ಫೋನ್ ಕಂಪನಿಗೆ ದೂರು ಕೊಡಿ. ಆ ಫಿಲ್ಟರ್‌ನವರಿಗೇ ಬೇಜಾರಾಗಿ ಇನ್ಯಾರದೋ ನಂಬರ್ ಹಿಡಿಯೋವರೆಗೂ ಕಾಯಿರಿ. ಇಲ್ಲಾಂದ್ರೆ ನಂಬರ್ ಬದಲಾಯಿಸಿ."

ದೂರು ಕೊಟ್ಟೆವು. ಉತ್ತರ ಬರಲಿಲ್ಲ. ನಂಬರ್ ಬದಲಾಯಿಸುವ ಮಾತನ್ನು ರಾತ್ರಿ ಊಟಕ್ಕೆ ಕೂತಾಗ ದೊಡ್ಡವನು ಎತ್ತಿದ. ಮಾವ ತಟ್ಟೆಯಿಂದ ಕೈ ತೆಗೆದರು.

"ಈ ಊರಲ್ಲಿ ಎಷ್ಟು ಕನ್ನಡಿ ಇದಾವೋ ಅಷ್ಟರ ಬೆನ್ನ ಮೇಲೂ ಆ ನಂಬರ್ ಅಂಟಿಸಿದೀನಿ. ಹೋಗಿ ಒಂದೊಂದನ್ನೂ ಕಿತ್ಕೊಂಡು ಬಾ, ಆಮೇಲೆ ಬದಲಾಯಿಸೋಣ."

"ಯಾರು ತಾತ ಕನ್ನಡಿ ತಿರುಗಿಸಿ ನೋಡ್ತಾರೆ?"

"ಒಡೆದಾಗ ನೋಡ್ತಾರೆ. ಒಡೆದಾಗಲೇ ನಾವು ಬೇಕಾಗೋದು."

ಇವರು, ನನ್ನ ಗಂಡ, ತಲೆ ಎತ್ತದೆ ಉಣ್ಣುತ್ತಿದ್ದರು. ತಮ್ಮ ಅಪ್ಪ ಮತ್ತು ತಮ್ಮ ಮಗನ ನಡುವೆ ಬಾಯಿ ಹಾಕಿದರೆ ಎರಡೂ ಕಡೆಯಿಂದ ಏಟು ತಿನ್ನಬೇಕಾಗುತ್ತದೆಂದು ಅವರಿಗೆ ಗೊತ್ತು. ನಾನು ಎಲ್ಲರ ತಟ್ಟೆಗೂ ಇನ್ನೊಂದು ಸೌಟು ಬೇಳೆ ಬಡಿಸಿದೆ.

ನಂಬರ್ ಉಳಿಯಿತು. ಬೈಗುಳವೂ ಉಳಿಯಿತು.

ಮಾವನಿಗೊಂದು ಪದ್ಧತಿ ಇತ್ತು. ಬೀದಿಯ ಬೇರೆ ಅಂಗಡಿಯವರು ಅದನ್ನು ಗೌರವ ಎನ್ನುತ್ತಾರೆ, ದೊಡ್ಡವನು ಅದನ್ನು ದಡ್ಡತನ ಎನ್ನುತ್ತಿದ್ದ. ಗಾಜು ಕೊಂಡುಹೋದವನು ಬೆರಳಗಲ ಕಡಿಮೆ ಬಂತೆಂದು ಉರಿದುಕೊಂಡು ವಾಪಸ್ ಬರುತ್ತಾನೆ. ಅಳತೆ ತಪ್ಪು ಕೊಟ್ಟವನು ಅವನೇ ಇರುತ್ತಾನೆ. ಹಾಗಂತ ಹೇಳಬಾರದು. ಮೊದಲು ತಪ್ಪಾಯ್ತು ಎನ್ನಬೇಕು, ಆಮೇಲೆ ಟೇಪು ಹಿಡಿಯಬೇಕು. ಮಾವ ಅದನ್ನೇ ಫೋನಿನಲ್ಲೂ ಮಾಡಿದರು. ಬೈದವರಿಗೆಲ್ಲ ಒಂದೇ ಉತ್ತರ.

"ತಪ್ಪಾಯ್ತು ಸ್ವಾಮಿ. ತುಂಬ ತಪ್ಪಾಯ್ತು. ಫೋನಲ್ಲಿ ಬೇಡ, ಅಂಗಡಿಗೆ ಬನ್ನಿ, ಎದುರು ಕೂತು ಮಾತಾಡೋಣ. ಬಸ್ ನಿಲ್ದಾಣದ ಹಿಂದೆ ಕನ್ನಡಿ ಅಂಗಡಿ ಅನ್ನಿ, ಯಾರು ಬೇಕಾದರೂ ತೋರಿಸ್ತಾರೆ."

ಇದು ದೊಡ್ಡವನ ಕಿವಿಗೆ ಬಿದ್ದ ದಿನ ಅವನು ಗಾಜು ಅಂಟಿಸುವ ಪುಟ್ಟಿ ಮೆತ್ತಿದ ಕೈಯಲ್ಲೇ ಫೋನ್ ಕಿತ್ತುಕೊಂಡ. "ತಾತ, ತಪ್ಪಾಯ್ತು ಅಂದ್ರೆ ನಾವೇ ಮಾಡಿದ್ವಿ ಅಂತ ಅರ್ಥ! ಮೇಲೆ ಅಡ್ರೆಸ್ ಬೇರೆ ಹೇಳ್ತೀರಲ್ಲ!"

"ಬಂದ್ರೆ ಬರ್ಲಿ. ಮುಖ ನೋಡಿದ ಮೇಲೆ ಮನುಷ್ಯ ಬೈಯಲ್ಲ ಕಣೋ."

"ಬೈಯಲ್ಲ. ಹೊಡೀತಾನೆ."

ಅಂದಿನಿಂದ ಫೋನು ದೊಡ್ಡವನ ಜೇಬು ಸೇರಿತು. ಮಾವನಂತೆ ಇವನು ಬೈಗುಳ ಕೇಳಿಸಿಕೊಳ್ಳುವವನಲ್ಲ. ಆ ಕಡೆಯವರು ಒಂದಂದರೆ ಇವನು ಎರಡಂದ. ಅವರ ಹೆಂಡತಿ ಮಕ್ಕಳನ್ನೆಲ್ಲ ಎಳೆದು ಬೈದ. ಏಣಿಯ ಮೇಲೆ ನಿಂತು ಬೈದ, ಬಚ್ಚಲಿನಿಂದ ಬೈದ, ಬಾಯಲ್ಲಿ ಅನ್ನ ಇಟ್ಟುಕೊಂಡು ಬೈದ. ಕರೆ ಮುಗಿದ ಮೇಲೂ ಕೋಪ ಮುಗಿಯುತ್ತಿರಲಿಲ್ಲ. ಬಾಗಿಲಿಗೆ, ಬಕೆಟ್ಟಿಗೆ, ಕೈಗೆ ಸಿಕ್ಕಿದ್ದಕ್ಕೆ ಹೋಗುತ್ತಿತ್ತು. ಎರಡು ತಟ್ಟೆ ಒಡೆದವು. ಸ್ಟೀಲಿನದೇ ಹೊರಗಿಟ್ಟೆ.

ಒಂದು ಭಾನುವಾರ ಅವನು ಸ್ನಾನಕ್ಕೆ ಹೋದಾಗ ಚಿಕ್ಕವಳು ಫೋನ್ ಎತ್ತಿದಳು. ಆ ಕಡೆಯವರು ಏನೋ ಬೈದಿರಬೇಕು. ಇವಳು ಮೂಗು ಹಿಡಿದು, "ಫಿಲ್ಟರ್ ಬೇಕಾ ಸಾರ್? ಒಂದು ತಗೊಂಡ್ರೆ ಬಾಯಿಗೊಂದು ಫ್ರೀ. ಕೊಳೆ ಎಲ್ಲ ಸೋಸುತ್ತೆ" ಎಂದಳು. ನನಗೂ ನಗು ಬಂತು. ಟವೆಲಿನಲ್ಲಿ ತಲೆ ಒರೆಸುತ್ತ ಬಂದ ದೊಡ್ಡವನಿಗೆ ಬರಲಿಲ್ಲ.

ಛಟೀರನೆ ಹೊಡೆದ. ಅವಳ ಮುಖ ಕಪಾಟಿನ ಅಂಚಿಗೆ ಬಡಿಯಿತು. ತುಟಿ ಸೀಳಿತು.

"ನಾನು ದಿನಾ ಸಾಯ್ತಾ ಇದೀನಿ, ನಿಂಗೆ ತಮಾಷೆ!"

ಇವರು ಅಳತೆಯ ಮರದ ಪಟ್ಟಿ ಹಿಡಿದೇ ಮೆಟ್ಟಿಲು ಹತ್ತಿ ಬಂದರು. ಎಂದೂ ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಅವತ್ತು ಪಟ್ಟಿ ಮುರಿಯುವವರೆಗೆ ಹೊಡೆದರು. ದೊಡ್ಡವನು ತಡೆಯಲಿಲ್ಲ. ಬರೀ ಬೆನ್ನಿನಲ್ಲಿ ನಿಂತು, "ಹೊಡೀರಿ. ಮನೆಯವರಿಗೇ ಹೊಡೀರಿ. ಹೊರಗಿನವರಿಗೆ ನಿಮ್ಮ ಕೈ ಏಳಲ್ಲ" ಎಂದ.

ನಾನು ಒಬ್ಬಳ ತುಟಿಗೆ ಮಂಜುಗಡ್ಡೆ ಇಟ್ಟೆ, ಇನ್ನೊಬ್ಬನ ಬೆನ್ನಿಗೆ ಎಣ್ಣೆ ಹಚ್ಚಿದೆ. ಬೆನ್ನು ಬಿಸಿಯಾಗಿತ್ತು. ಮಗುವಾಗಿದ್ದಾಗ ಜ್ವರ ಬಂದರೆ ಹೀಗೇ ಸುಡುತ್ತಿತ್ತು.

"ಫೋನ್ ವಾಪಸ್ ತಾತನಿಗೆ ಕೊಡು ಮಗಾ."

"ಕೊಡ್ತೀನಮ್ಮ. ನಂಗೂ ಸಾಕಾಗಿದೆ."

ಕೊಟ್ಟ. ಮಾವ ಮತ್ತೆ ತಪ್ಪಾಯ್ತು ಎನ್ನತೊಡಗಿದರು.

ಮುಂದಿನ ವಾರ ಒಬ್ಬ ಬಸ್ ಡ್ರೈವರ್ ಬಂದ.

ನಾನು ಮೇಲೆ ಬಟ್ಟೆ ಹಿಂಡುತ್ತಿದ್ದೆ. ಕೆಳಗೆ ಮೊದಲ ಕನ್ನಡಿ ಒಡೆದಾಗ ಕೆಲಸದ ಸದ್ದೆಂದುಕೊಂಡೆ. ನಮ್ಮ ಮನೆಯಲ್ಲಿ ಗಾಜು ಒಡೆದರೆ ಯಾರೂ ಓಡುವುದಿಲ್ಲ. ಎರಡನೆಯದು, ಮೂರನೆಯದು ಒಡೆದಾಗ ಓಡಿದೆ.

ಖಾಕಿ ಅಂಗಿಯ ದಪ್ಪನೆಯ ಮನುಷ್ಯ. ಕೈಯಲ್ಲಿ ಚಕ್ರದ ನಟ್ಟು ಬಿಚ್ಚುವ ಉದ್ದನೆಯ ಪಾನಾ. ಗೋಡೆಗೆ ಒರಗಿಸಿದ್ದ ಕನ್ನಡಿಗಳನ್ನು ಸಾಲಾಗಿ ಹೊಡೆಯುತ್ತ ಬರುತ್ತಿದ್ದ. ಪ್ರತಿ ಕನ್ನಡಿಯಲ್ಲೂ ಅವನೇ ಕಾಣುತ್ತಿದ್ದ, ತನ್ನನ್ನೇ ಹೊಡೆಯುತ್ತಿದ್ದ.

"ನಮ್ಮಮ್ಮ ಮಗಳು ಫೋನ್ ಮಾಡಿದ್ಲು ಅಂತ ಓಡಿ ಬಿದ್ದಳು ಕಣ್ರೋ! ಸೊಂಟ ಮುರೀತು! ಫಿಲ್ಟರ್ ಮಾರ್ತೀರಾ ಫಿಲ್ಟರ್ರು!"

ಇವರು ಆಗಷ್ಟೇ ದೊಡ್ಡದೊಂದು ಗಾಜಿನ ಹಾಳೆ ಎತ್ತಿಕೊಂಡು ಮೇಜಿನತ್ತ ಹೊರಟಿದ್ದರು. ಎರಡೂ ಕೈ ಚಾಚಿ ಎದೆಗಾನಿಸಿ ಹಿಡಿಯಬೇಕಾದಷ್ಟು ದೊಡ್ಡದು. ಕೈಬಿಟ್ಟರೆ ಕಾಲ ಮೇಲೆ ಬಂದು ಪಾದ ಕತ್ತರಿಸುತ್ತದೆ. ಹಾಗೇ ನಿಂತರು. ಮಾವ ಎದ್ದು ಗಾಜಿನ ಚೂರುಗಳ ಮೇಲೆ ಚಪ್ಪಲಿಯ ಕಾಲಿಡುತ್ತ ಡ್ರೈವರನ ಎದುರಿಗೆ ಹೋದರು.

"ತಪ್ಪಾಯ್ತಪ್ಪಾ. ತಪ್ಪಾಯ್ತು. ಕೂತ್ಕೋ, ಮಾತಾಡೋಣ."

"ಒಪ್ಕೋತಾನೆ ನೋಡಿ! ಫೋನಲ್ಲೂ ಒಪ್ಕೊಂಡ, ಇಲ್ಲೂ ಒಪ್ಕೋತಾನೆ!"

ಪಾನಾ ಮಾವನ ಹೆಗಲಿಗೆ ಬಿತ್ತು. ಒಣ ಕಟ್ಟಿಗೆ ಮುರಿದ ಸದ್ದು. ಅವರು ಕೂಗಲಿಲ್ಲ, ಕೂತರು. ಡ್ರೈವರ್ ಮತ್ತೆ ಎತ್ತಿದ.

ದೊಡ್ಡವನು ಹಿಂದಿನ ಕೋಣೆಯಿಂದ ಬಂದದ್ದು ನನಗೆ ಕಾಣಲಿಲ್ಲ. ಅವನ ಕೈಯಲ್ಲಿದ್ದುದು ಕಂಡಿತು. ಕನ್ನಡಿಯ ಒಂದು ಉದ್ದನೆಯ ಚೂರು, ಕತ್ತಿಯ ಹಾಗೆ. ಗವಸು ಇಲ್ಲದ ಬರಿಗೈಯಲ್ಲಿ ಹಿಡಿದಿದ್ದ. ಹಿಡಿದ ಕೈಯಿಂದಲೇ ಆಗಲೇ ರಕ್ತ ಸುರಿಯುತ್ತಿತ್ತು. ಡ್ರೈವರನ ಎತ್ತಿದ ತೋಳಿಗೆ ಎಳೆದ. ಖಾಕಿ ತೋಳು ಬಾಯಿಬಿಟ್ಟಿತು. ಪಾನಾ ಕೆಳಗೆ ಬಿತ್ತು. ದೊಡ್ಡವನು ನಿಲ್ಲಿಸಲಿಲ್ಲ. ಅವನನ್ನು ಗೋಡೆಗೆ ಒತ್ತಿ, ಚೂರನ್ನು ಕುತ್ತಿಗೆಗೆ ತಂದ.

ನಾನು ಮಗನ ಮಣಿಕಟ್ಟು ಹಿಡಿದೆ. ಎರಡೂ ಕೈಯಿಂದ ಜೋತುಬಿದ್ದೆ. ಒದ್ದೆ ಕೈ ಜಾರುತ್ತಿತ್ತು. ಅವನು ನನ್ನನ್ನು ನೋಡುತ್ತಲೇ ಇರಲಿಲ್ಲ. ಕಚ್ಚಿದೆ. ನಾನು ಹೆತ್ತ ಕೈಯನ್ನು ಹಲ್ಲು ಊರುವಷ್ಟು ಕಚ್ಚಿದೆ. ಆಗ ಚೂರು ಬಿತ್ತು.

ಅಷ್ಟು ಹೊತ್ತಿಗೆ ಇವರು ಗಾಜಿನ ಹಾಳೆಯನ್ನು ಮೇಜಿನ ಮೇಲೆ ಇಟ್ಟಿದ್ದರು. ಅಂಗಡಿಯಲ್ಲಿ ಒಡೆಯದೆ ಉಳಿದದ್ದು ಅದೊಂದೇ.

ಆಸ್ಪತ್ರೆಯಲ್ಲಿ ಮೂವರಿಗೂ ಒಂದೇ ಸಾಲಿನಲ್ಲಿ ಹಾಸಿಗೆ ಸಿಕ್ಕಿತು. ಮಾವನ ಹೆಗಲ ಮೂಳೆ ಮುರಿದಿತ್ತು. ದೊಡ್ಡವನ ಅಂಗೈಗೆ ಹೊಲಿಗೆ. ಡ್ರೈವರನ ತೋಳಿನಲ್ಲಿ ನರ ಕತ್ತರಿಸಿಹೋಗಿತ್ತು; ಬಲಗೈಯ ಬೆರಳು ಮಡಚಲೂ ಬಿಡಿಸಲೂ ಬರುತ್ತಿರಲಿಲ್ಲ. ಪೊಲೀಸಿನವನು ಎರಡೂ ಕಡೆಯವರ ಹೆಸರು ವಿಳಾಸ ಬರೆದುಕೊಂಡು ನನ್ನನ್ನು ಪಕ್ಕಕ್ಕೆ ಕರೆದ.

"ನುಗ್ಗಿದ್ದು ಅವನೇ, ಸರಿ. ಆದ್ರೆ ನಿಮ್ಮ ಮಗ ಕುತ್ತಿಗೆಗೆ ಚೂರು ಹಿಡಿದ. ಕೊಲ್ಲೋಕೆ ಬಂದ ಅಂತ ಡ್ರೈವರ್ ಹೇಳಿಕೆ ಕೊಟ್ರೆ ಹುಡುಗ ಒಳಗೆ ಹೋಗ್ತಾನೆ. ಜಗಳದಲ್ಲಿ ತಗುಲಿತು ಅಂದ್ರೆ ಬೇರೆ ಮಾತು. ಅವನಿಗೆ ಸ್ವಲ್ಪ ಹುಷಾರಾಗಲಿ, ಆಮೇಲೆ ಹೇಳಿಕೆ ಬರ್ಕೋತೀವಿ."

ಮನೆಯಲ್ಲಿ ಮಾತು ಬಂದರೆ ಚೂರಿನಂತೆ ಬರುತ್ತಿತ್ತು. ಒಂದು ಬೆಳಿಗ್ಗೆ ಇವರು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, "ಕೈ ತಡೀಬೇಕಿತ್ತು. ತೋಳಿಗೆ ಏಟು ಬಿದ್ದ ಮೇಲೆ ಡ್ರೈವರ್ ಕೈಯಲ್ಲಿ ಪಾನಾ ಇರಲಿಲ್ಲ" ಎಂದರು.

"ನೀವು ಎಲ್ಲಿದ್ರಿ ಆಗ?" ದೊಡ್ಡವನು ಕೇಳಿದ. "ಗಾಜು ಉಳಿಸ್ತಿದ್ರಿ."

ಇವರು ಚಾಕು ತಟ್ಟೆಯ ಮೇಲಿಟ್ಟು ಎದ್ದು ಹೋದರು. ಕೆಳಗೆ ಏನೋ ಸಿಡಿದ ಸದ್ದು ಬಂತು. ಇಳಿದು ನೋಡಿದೆ. ಉಳಿದಿದ್ದ ಆ ಒಂದು ಹಾಳೆಯನ್ನು ಸುತ್ತಿಗೆಯಿಂದ ಒಡೆದು, ಪೊರಕೆ ಹಿಡಿದು ಗುಡಿಸುತ್ತಿದ್ದರು. ನಾನು ಮೊರ ಹಿಡಿದೆ.

ಮಾರನೆಯ ದಿನ ನಾನು ಗಂಜಿ ಕಾಯಿಸಿ ಡಬ್ಬಿಗೆ ತುಂಬಿ ಹೊರಟೆ.

"ಎಲ್ಲಿಗೆ?" ಇವರು ಕೇಳಿದರು.

"ಡ್ರೈವರ್ ಮನೆಗೆ. ಅವನಮ್ಮ ಮಲಗಿದ ಕಡೆಯೇ ಇದಾಳಂತೆ. ಮಗಳು ದೂರದಲ್ಲಿ. ಇವನಿಗೆ ಒಂದೇ ಕೈ."

"ನಮ್ಮಪ್ಪನ ಮೂಳೆ ಮುರಿದವನ ಮನೆಗೆ ಊಟ ಹೊತ್ಕೊಂಡು ಹೋಗ್ತೀಯಾ? ನಿಂಗೇನು ತಲೆ ಕೆಟ್ಟಿದ್ಯಾ?"

"ನನ್ನ ಮಗನ ಹಣೆಬರಹ ಅವನ ಬಾಯಲ್ಲಿದೆ ಕಣ್ರೀ. ಪುಣ್ಯಕ್ಕೆ ಹೋಗ್ತಿಲ್ಲ."

ಮಲಗಿದ್ದಲ್ಲಿಂದಲೇ ಮಾವ, "ಹೋಗ್ಲಿ ಬಿಡೋ. ಉಪ್ಪು ಹಾಕಿದೀಯೇನಮ್ಮ?" ಎಂದರು.

ಎರಡು ಕೋಣೆಯ ಮನೆ. ಡ್ರೈವರ್ ಬಾಗಿಲಲ್ಲಿ ಅಡ್ಡ ನಿಂತ. ನಾನು ಡಬ್ಬಿ ಹೊಸ್ತಿಲ ಮೇಲಿಟ್ಟು ತಿರುಗಿದೆ. ಅದರ ಮಾರನೆಯ ದಿನ ಖಾಲಿ ಡಬ್ಬಿ ಹೊಸ್ತಿಲ ಮೇಲೆಯೇ ಇತ್ತು, ತೊಳೆದಿರಲಿಲ್ಲ. ಆಮೇಲೊಂದು ದಿನ ಒಳಗಿನಿಂದ ಮುದುಕಿ ಕೂಗಿದಳು. "ಯಾರೋ ಅದು? ಹೆಂಗಸಾದ್ರೆ ಒಳಗೆ ಕಳಿಸೋ. ನಿನ್ನ ಒಂದು ಕೈಗೆ ನನ್ನ ತಿರುಗಿಸೋಕೂ ಬರಲ್ಲ, ಸೀರೆ ಉಡಿಸೋಕೂ ಬರಲ್ಲ."

ಅವಳನ್ನು ಮಗ್ಗುಲಿಗೆ ತಿರುಗಿಸಿದೆ. ಬೆನ್ನಿನ ಹುಣ್ಣು ಒರೆಸಿದೆ. ತಲೆ ಬಾಚಿದೆ. ನಾನು ಯಾರೆಂದು ಕೇಳಿದಳು. ಹೇಳಿದೆ. ಮುದುಕಿ, "ಬಾಚಣಿಗೆ ಮೆಲ್ಲಗೆ ಎಳಿ ತಾಯಿ, ಸಿಟ್ಟನ್ನ ಕೂದಲ ಮೇಲೆ ತೀರಿಸ್ಕೋಬೇಡ" ಎಂದಳು.

ಡ್ರೈವರ್ ಮಾತ್ರ ನಂಬಲಿಲ್ಲ. ನಂಬರಿನ ವಿಷಯ ಎಷ್ಟು ಹೇಳಿದರೂ, "ನಿಮ್ಮ ನಂಬರ್ ಅಲ್ವಾ? ಹೌದೋ ಅಲ್ವೋ?" ಎನ್ನುತ್ತಿದ್ದ. ಕೊನೆಗೊಂದು ದಿನ ಸ್ಟೀರಿಂಗ್ ಹಿಡಿದಂತೆ ಅರ್ಧ ಮಡಚಿ ನಿಂತಿದ್ದ ಬೆರಳುಗಳನ್ನು ತೋರಿಸಿ ಹೇಳಿದ. "ನಾಡಿದ್ದು ಹೇಳಿಕೆ ಕೊಡೋಕೆ ಸ್ಟೇಷನ್‌ಗೆ ಬಾ ಅಂದಿದಾರೆ. ನಿಮ್ಮ ಮಗ ಬರ್ಲಿ. ನಮ್ಮಮ್ಮನ ಮುಂದೆ ನಿಂತು ತಪ್ಪಾಯ್ತು ಅನ್ಲಿ. ಆಮೇಲೆ ಏನು ಹೇಳ್ಬೇಕೋ ನೋಡ್ತೀನಿ."

ದೊಡ್ಡವನಿಗೆ ಹೇಳಿದೆ.

"ಆ ಮಾತು ನನ್ನ ಬಾಯಲ್ಲಿ ಬರಲ್ಲಮ್ಮ. ಅದೇ ಮಾತಿನಿಂದಲೇ ತಾತನ ಮೂಳೆ ಮುರಿದಿದ್ದು."

"ನೀನು ಮಾಡದ್ದಕ್ಕೆ ಹೇಳ್ಬೇಡ. ಆ ಕೈ ಕತ್ತರಿಸಿದ್ದು ನೀನೇ ತಾನೆ? ಅದಕ್ಕೆ ಹೇಳು."

ಬೆಳಿಗ್ಗೆ ನಾನು ಡಬ್ಬಿ ತುಂಬುವಾಗ ಅವನು ಬಂದು ಅದನ್ನು ಎತ್ತಿಕೊಂಡ. ಚಿಕ್ಕವಳು ವಾಸಿಯಾದ ತುಟಿ ಉಬ್ಬಿಸಿ, "ಕುಕ್ಕರ್, ಸೀಟಿ ಹೊಡೀಬೇಡ" ಎಂದಳು. ಅವಳ ಜಡೆ ಎಳೆದು ನನ್ನ ಜೊತೆ ಹೊರಟ.

ಅವನು ಡಬ್ಬಿ ಕೆಳಗಿಟ್ಟು ಮುದುಕಿಯ ಮಂಚದ ಮುಂದೆ ನಿಂತ. ಡ್ರೈವರ್ ಕಿಟಕಿಯ ಹತ್ತಿರ ನಿಂತಿದ್ದ.

"ನಿಮ್ಮ ಮಗನ ಕೈ ಹಾಳು ಮಾಡಿದೆ ಅಜ್ಜಿ," ದೊಡ್ಡವನು ಹೇಳಿದ. "ನಮ್ಮಮ್ಮ ಕಚ್ಚದೇ ಇದ್ದಿದ್ರೆ ಕೊಂದೂ ಹಾಕ್ತಿದ್ನೇನೋ. ತಪ್ಪಾಯ್ತು. ಫೋನ್ ಮಾತ್ರ ನಾವು ಮಾಡಿಲ್ಲ. ಅದಕ್ಕೆ ನಾನು ತಪ್ಪಾಯ್ತು ಅನ್ನಲ್ಲ."

"ನೋಡಿದ್ಯಾ ಕೊಬ್ಬು!" ಡ್ರೈವರ್ ಒಂದು ಹೆಜ್ಜೆ ಮುಂದೆ ಬಂದ. ದೊಡ್ಡವನ ಹೆಗಲು ಬಿಗಿಯಿತು. ನಾನು ಇಬ್ಬರ ನಡುವೆ ಹೋದೆ.

ಆಗ ದಿಂಬಿನ ಪಕ್ಕದಲ್ಲಿದ್ದ ಮುದುಕಿಯ ಫೋನು ಬಡಿದುಕೊಂಡಿತು. "ಮಗಳೇ ಇರ್ಬೇಕು, ಎತ್ತು ತಾಯಿ, ಜೋರಾಗಿ ಕೇಳೋ ಹಾಗೆ ಮಾಡು" ಎಂದಳು. ನಾನು ಎತ್ತಿ ಸ್ಪೀಕರಿಗೆ ಹಾಕಿದೆ.

"ನಮಸ್ಕಾರ! ನಿಮ್ಮ ಕುಟುಂಬ ಕುಡಿಯೋ ನೀರು ಎಷ್ಟು ಶುದ್ಧ ಅಂತ ಯಾವತ್ತಾದ್ರೂ ಯೋಚಿಸಿದೀರಾ?"

ಜೇನು ಸವರಿದಂಥ ಹುಡುಗಿಯ ದನಿ. "ಇದೇ. ಅವತ್ತು ಕೇಳಿದ್ದು ಇದೇ ದನಿ" ಎಂದ ಡ್ರೈವರ್. ಫೋನ್ ಕಿತ್ತುಕೊಂಡು ನೋಡಿದ. ನಮ್ಮ ನಂಬರಲ್ಲ. ಬೇರೆ ಯಾವುದೋ, ಇದೇ ಊರಿನದು. ಹುಡುಗಿ ಇನ್ನೂ ನೀರಿನ ಮಾತಾಡುತ್ತಲೇ ಇದ್ದಳು. ಅವನು ನಂಬರನ್ನು ಬಾಯಿಬಿಟ್ಟು ಓದಿದ, ಮತ್ತೆ ಓದಿದ, ಕರೆ ಕಡಿದುಹೋಗುವವರೆಗೂ ಓದಿದ.

"ಇದು ಯಾರದು?" ಎಂದ.

"ಯಾರದೋ ಪಾಪ," ದೊಡ್ಡವನು ಹೇಳಿದ. "ಈಗ ಅವರ ಸರದಿ." ಕೈ ಚಾಚಿದ. ಡ್ರೈವರ್ ಫೋನ್ ಕೊಟ್ಟ. ದೊಡ್ಡವನು ಅದೇ ನಂಬರಿಗೆ ವಾಪಸ್ ಹಚ್ಚಿದ. ಇವನ ಬಾಯಿ ನನಗೆ ಗೊತ್ತು.

ಆ ಕಡೆ ಎತ್ತಿದವನು ಹಲೋ ಎನ್ನಲಿಲ್ಲ. ಸೀದಾ ಬೈದ. ನಮಗಿಂತ ಮೊದಲು ಎಷ್ಟು ಜನ ಅವನಿಗೆ ಬೈದಿದ್ದರೋ, ಅದನ್ನೆಲ್ಲ ಸೇರಿಸಿ ಇವನ ಮೇಲೆ ಸುರಿದ. ನಿನ್ನ ಕೈಕಾಲು ಕಡೀತೀನಿ ಎಂದ. ನಿನ್ನ ಹೆತ್ತವಳು ಎಂಥವಳೋ ಎಂದು ಶುರುಮಾಡಿ, ನಾನು ಇಲ್ಲಿ ಬರೆಯಲಾಗದ್ದನ್ನು ಹೇಳಿದ. ಕೋಣೆಯೆಲ್ಲ ಕೇಳುತ್ತಿತ್ತು. ಮುದುಕಿ, "ಅಯ್ಯೋ ಶಿವನೇ, ಯಾರ ಹೊಟ್ಟೇಲಿ ಹುಟ್ಟಿದನೋ" ಎಂದು ಕಿವಿ ಮುಚ್ಚಿಕೊಂಡಳು.

ದೊಡ್ಡವನ ಕಿವಿ ಕೆಂಪಾದವು. ಕುತ್ತಿಗೆಯ ನರ ಎದ್ದಿತು. ಫೋನನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಅಂಗೈಯ ಪಟ್ಟಿಯಲ್ಲಿ ಕೆಂಪು ಚುಕ್ಕೆ ಮೂಡಿ ಅಗಲವಾಗುತ್ತ ಹೋಯಿತು. ಫೋನ್ ಕಸಿಯಲು ನಾನು ಕೈ ಎತ್ತಿದೆ. ಅವನು ತಲೆಯಾಡಿಸಿ ಬೇಡ ಎಂದ.

ಆ ಕಡೆಯವನು ಉಸಿರು ಸಾಲದೆ ಒಂದು ಕ್ಷಣ ನಿಂತ.

"ಮುಗೀತಾ ಸಾರ್?" ದೊಡ್ಡವನು ಕೇಳಿದ. "ಮುಗಿದಿಲ್ಲ ಅಂದ್ರೆ ಬೈದು ಮುಗಿಸಿ. ನಾನು ಇಡಲ್ಲ. ಮುಗಿದ ಮೇಲೆ ನಿಮಗೊಂದು ವಿಷಯ ಹೇಳೋದಿದೆ."

ಆ ಕಡೆಯವನು ಮತ್ತೆ ಶುರು ಮಾಡಿದ.

ಡ್ರೈವರ್ ಮೂಲೆಯಲ್ಲಿದ್ದ ಸ್ಟೂಲನ್ನು ಕಾಲಿನಿಂದ ದೊಡ್ಡವನ ಹಿಂದಕ್ಕೆ ತಳ್ಳಿ, ಒಳ್ಳೆಯ ಕೈಯನ್ನು ಅವನ ಹೆಗಲ ಮೇಲಿಟ್ಟು ಒತ್ತಿದ.

"ಕೂತ್ಕೋ," ಎಂದ. "ಇದು ಬೇಗ ಮುಗಿಯಲ್ಲ."